ಒಂದೇ ಕ್ಲಸ್ಟರ್‌ನಲ್ಲಿ ಮೂರು ತಲೆಮಾರಿನ ಪ್ರೊಸೆಸರ್: ಕರ್ನಲ್ ಒಂದು ಸಾಕಾ, ಮೂರು ಬೇಕಾ?

ಔಂಧ್_ಅಡ್ಮಿನ್

ಎಲ್ಲರಿಗೂ ನಮಸ್ಕಾರ. ಪುಣೆಯ ಒಂದು ಕಾಲೇಜಿನ ಕ್ಲಸ್ಟರ್ (ಒಟ್ಟಿಗೆ ಲೆಕ್ಕ ಮಾಡುವ ಯಂತ್ರಗಳ ಗುಂಪು, ಒಂದೊಂದು ಯಂತ್ರವೂ ಒಂದು ನೋಡ್) ನನ್ನ ತಲೆಗೆ ಬಂದಿದೆ. ಅನುದಾನ ಬಂದಾಗ ಬಂದಷ್ಟಕ್ಕೆ ಯಂತ್ರ ಕೊಂಡಿದ್ದಾರೆ, ಹಾಗಾಗಿ ಒಂದೇ ರ‍್ಯಾಕ್‌ನಲ್ಲಿ ಮೂರು ತರದ ನೋಡ್‌ಗಳಿವೆ. ಹಳೆಯವು ಇಂಟೆಲ್ ಜಿಯಾನ್ ಇ5-2670, 2012ರ ಸ್ಯಾಂಡಿ ಬ್ರಿಡ್ಜ್. ನಡುವಿನವು ಜಿಯಾನ್ ಗೋಲ್ಡ್ 6148, 2017ರ ಸ್ಕೈಲೇಕ್. ಈಗ ಹೊಸದಾಗಿ ಎಎಂಡಿ ಎಪಿಕ್ 9354 ಬಂದಿವೆ.

ಇಷ್ಟು ದಿನ ಎಲ್ಲದರ ಮೇಲೂ ಸೆಂಟ್‌ಓಎಸ್ 7 ಅನ್ನುವ ಲಿನಕ್ಸ್, ಅದರ ತಿರುಳಾದ ಕರ್ನಲ್ 3.10. ಅದರ ಬೆಂಬಲ 2024ರ ಜೂನ್ 30ಕ್ಕೇ ಮುಗಿಯಿತು. ಎಪಿಕ್ ನೋಡ್ ಮೇಲೆ ಅದನ್ನೇ ಹಾಕಲು ನೋಡಿದೆ. ನೆಟ್‌ವರ್ಕ್ ಕಾರ್ಡೇ ಕಾಣಲಿಲ್ಲ. ಯಂತ್ರ ಕೊಟ್ಟವರು "ಎಲ್ಲದಕ್ಕೂ ರಾಕಿ ಲಿನಕ್ಸ್ 10 ಹಾಕಿಬಿಡಿ" ಅಂದರು. ಹಾಕಿದೆ. ಎಪಿಕ್‌ನಲ್ಲಿ ಚೆನ್ನಾಗಿ ಎದ್ದಿತು. ಹಳೆ ನೋಡ್‌ಗಳಲ್ಲಿ ಮಾತ್ರ ಕರ್ನಲ್ ಪ್ಯಾನಿಕ್, ಅಂದರೆ ಕರ್ನಲ್ ನಿಂತೇಬಿಟ್ಟಿತು. ಪರದೆಯ ಮೇಲೆ ಇನಿಟ್ (ಕರ್ನಲ್ ಕರೆಯುವ ಮೊದಲ ಪ್ರೋಗ್ರಾಂ) ಸತ್ತಿತು ಅನ್ನುವ ಸಾಲು.

ನಮ್ಮ ವಿಭಾಗದ ಮುಖ್ಯಸ್ಥರು ಹೇಳುವುದು ಇಷ್ಟು: ಒಂದೊಂದು ಪ್ರೊಸೆಸರ್‌ಗೂ ಅದರದ್ದೇ ಕರ್ನಲ್ ಕಂಪೈಲ್ ಮಾಡು, ಪ್ಯಾನಿಕ್ಕೂ ಹೋಗುತ್ತದೆ, ವೇಗವೂ ಬರುತ್ತದೆ. ಹೌದಾ? ಮೂರು ಕರ್ನಲ್, ಮೂರು ಇಮೇಜ್ (ನೋಡ್‌ಗೆ ಹಾಕುವ ಸಿದ್ಧ ಪ್ರತಿ) ಇಟ್ಟುಕೊಂಡು ಒಬ್ಬನೇ ಸಂಭಾಳಿಸುವುದು ಹೇಗೆ?

ಪೇಡಾನಗರಿ

ಸರ್, ನಾನಿನ್ನೂ ವಿದ್ಯಾರ್ಥಿ. ಆದರೂ ನಿಮ್ಮ ಮುಖ್ಯಸ್ಥರ ಮಾತು ಸರಿ ಅನಿಸುತ್ತದೆ. ನನ್ನ ಲ್ಯಾಪ್‌ಟಾಪ್‌ಗೆ "ಮಾರ್ಚ್ ನೇಟಿವ್" (ಈ ಯಂತ್ರದ ಪ್ರೊಸೆಸರ್‌ಗೆ ಅಂತಲೇ ಕಂಪೈಲ್ ಮಾಡುವ) ಆಯ್ಕೆ ಕೊಟ್ಟು ನಾನೇ ಕರ್ನಲ್ ಕಟ್ಟಿಕೊಂಡಿದ್ದೇನೆ. ಬೂಟ್ ಎಷ್ಟು ಬೇಗ ಆಗುತ್ತದೆ ಗೊತ್ತಾ! ಕ್ಲಸ್ಟರ್‌ಗೂ ಹಾಗೇ ಮಾಡಿದರೆ ತಪ್ಪೇನು?

ಬೋರಿವಲಿ_ಬಿಟ್ಸ್

ಮೊದಲು ಆ ಪ್ಯಾನಿಕ್ ನೋಡೋಣ. ಅದರ ಮೇಲಿನ ಸಾಲನ್ನು ಓದಿದ್ದೀರಾ? ಜಿಲಿಬ್‌ಸಿ (ಪ್ರೋಗ್ರಾಂಗಳು ಜೋಡಿಕೊಳ್ಳುವ ಸಿ ಲೈಬ್ರರಿ) ಕಡೆಯಿಂದ ಒಂದು ದೂರು ಇದ್ದೇ ಇರುತ್ತದೆ: ಈ ಸಿಪಿಯುಗೆ ಎಕ್ಸ್86-64-ವಿ3 ಬರುವುದಿಲ್ಲ ಅಂತ. ಅಂದರೆ ಕರ್ನಲ್ ಸರಿಯಾಗೇ ಎದ್ದಿದೆ. ಮೆಮೊರಿ ಎಣಿಸಿದೆ, ಕೋರ್‌ಗಳನ್ನು ಎಬ್ಬಿಸಿದೆ, ಮೊದಲ ಪ್ರೋಗ್ರಾಮನ್ನು ಕರೆದಿದೆ. ಆ ಪ್ರೋಗ್ರಾಂ ಜೋಡಿಕೊಂಡಿರುವ ಸಿ ಲೈಬ್ರರಿ "ನಾನು ಈ ಪ್ರೊಸೆಸರ್ ಮೇಲೆ ಓಡುವುದಿಲ್ಲ" ಅಂದು ಕೈಚೆಲ್ಲಿದೆ. ಇನಿಟ್ ಸತ್ತರೆ ಕರ್ನಲ್‌ಗೆ ಪ್ಯಾನಿಕ್ ಬಿಟ್ಟು ಬೇರೆ ದಾರಿಯಿಲ್ಲ. ಹೆಸರು ಕರ್ನಲ್‌ದು, ಕೆಲಸ ಜಿಲಿಬ್‌ಸಿಯದು. ಮೂರು ಕರ್ನಲ್ ಕಟ್ಟಿದರೂ ಇದು ಹೋಗುವುದಿಲ್ಲ.

ಪ್ರೊಸೆಸರ್‌ಗೆ ಯಾವ ಯಾವ ಸೂಚನೆಗಳು ಬರಬೇಕು ಅಂತ ಹೇಳುವ ವಿ2, ವಿ3 ಅನ್ನುವ ಮೆಟ್ಟಿಲುಗಳನ್ನು 2020ರಲ್ಲಿ ಗೊತ್ತು ಮಾಡಿದರು. ವಿ2 ಅಂದರೆ ಎಸ್‌ಎಸ್‌ಇ 4.2ರವರೆಗೆ. ವಿ3 ಅಂದರೆ ಎವಿಎಕ್ಸ್2, ಎಫ್‌ಎಂಎ ಇತ್ಯಾದಿ. ವಿ4 ಅಂದರೆ ಎವಿಎಕ್ಸ್-512. ಎಸ್‌ಎಸ್‌ಇ, ಎವಿಎಕ್ಸ್ ಎರಡೂ ಹಲವು ಅಂಕಿಗಳ ಲೆಕ್ಕವನ್ನು ಒಟ್ಟಿಗೆ ಮಾಡುವ ಸೂಚನೆಗಳು. ರೆಡ್ ಹ್ಯಾಟ್ 9 ಮತ್ತು ಅದರ ಸೋದರರಿಗೆ (ರಾಕಿ, ಅಲ್ಮಾ) ವಿ2 ಸಾಕು. 2025ರಲ್ಲಿ ಬಂದ 10ಕ್ಕೆ ವಿ3 ಬೇಕು. ಸ್ಯಾಂಡಿ ಬ್ರಿಡ್ಜ್‌ನಲ್ಲಿ ಎವಿಎಕ್ಸ್ ಇದೆ, ಎವಿಎಕ್ಸ್2 ಇಲ್ಲ. ಇಂಟೆಲ್‌ನಲ್ಲಿ ಅದು ಆಮೇಲಿನ ಹ್ಯಾಸ್‌ವೆಲ್ ತಲೆಮಾರಿನಿಂದ ಶುರು. ಹಾಗಾಗಿ ನಿಮ್ಮ ಹಳೆ ನೋಡ್‌ಗಳಿಗೆ 9 ಸರಿ, 10 ಆಗದು. ಅಲ್ಮಾ ಲಿನಕ್ಸ್‌ನವರು 10ಕ್ಕೂ ಒಂದು ವಿ2 ಆವೃತ್ತಿ ಕೊಡುತ್ತಾರೆ. ಆದರೆ ಹೊರಗಿನ ಪ್ಯಾಕೇಜ್ ಕಟ್ಟುವವರೆಲ್ಲ ವಿ3ಗೇ ಕಟ್ಟಿದರೆ ನೀವು ಒಂಟಿ.

ಈಗ ಮುಖ್ಯಸ್ಥರ ಮಾತಿಗೆ ಬರುತ್ತೇನೆ. ಕರ್ನಲ್ ತನ್ನ ಕೆಲಸಕ್ಕೆ ಎವಿಎಕ್ಸ್ ತರದ ಸೂಚನೆಗಳನ್ನು ಸುಮ್ನೆ ಬಳಸುವುದಿಲ್ಲ. ದಶಾಂಶದ ಲೆಕ್ಕವೇ ಅದಕ್ಕೆ ಬೇಡ. ಎನ್‌ಕ್ರಿಪ್ಶನ್, ರೇಡ್ (ಹಲವು ಡಿಸ್ಕ್ ಜೋಡಿಸಿ ಬಳಸುವ) ಲೆಕ್ಕ, ಹೀಗೆ ಎಲ್ಲೋ ಕೆಲವು ಕಡೆ ಮಾತ್ರ ಬೇಕಾಗುತ್ತದೆ. ಅಲ್ಲೂ ಎಲ್ಲ ಬಗೆಯ ಕೋಡ್ ಒಳಗೇ ಇರುತ್ತದೆ, ಯಂತ್ರ ನೋಡಿ ಆರಿಸಿಕೊಳ್ಳುತ್ತದೆ. ರೇಡ್6 ಮಾಡ್ಯೂಲ್ ಲೋಡ್ ಆಗುವಾಗ ಲಾಗ್ ನೋಡಿ. ಒಂದೊಂದು ವಿಧಾನವನ್ನೂ ಓಡಿಸಿ, ಯಾವುದು ವೇಗವೋ ಅದನ್ನು ಇಟ್ಟುಕೊಳ್ಳುತ್ತದೆ. ಉಳಿದ ಕಡೆ ಬೂಟ್ ಆಗುವ ಹೊತ್ತಿಗೆ ಕರ್ನಲ್ ತನ್ನದೇ ಕೋಡನ್ನು ಯಂತ್ರಕ್ಕೆ ತಕ್ಕಂತೆ ತಿದ್ದಿಕೊಳ್ಳುತ್ತದೆ. ಮೆಮೊರಿ ನಕಲು ಮಾಡುವ ಚಿಕ್ಕ ಕೆಲಸಕ್ಕೂ ಹೀಗೇ.

ಪೇಡಾನಗರಿ, ನಿನ್ನ ಲ್ಯಾಪ್‌ಟಾಪ್ ಬೇಗ ಎದ್ದಿದ್ದು ಬೇಡದ ಡ್ರೈವರ್‌ಗಳನ್ನು ತೆಗೆದಿದ್ದಕ್ಕೆ. ಮಾರ್ಚ್ ನೇಟಿವ್‌ಗೆ ಆ ಹೆಸರು ಕೊಡಬೇಡ.

ಪೇಡಾನಗರಿ

ಡ್ರೈವರ್ ತೆಗೆದಿದ್ದು ಹೌದು. 😀

ಔಂಧ್_ಅಡ್ಮಿನ್

ಫೋಟೊ ತೆಗೆದು ಇಟ್ಟಿದ್ದೆ, ದೊಡ್ಡದು ಮಾಡಿ ನೋಡಿದೆ. ಜಿಲಿಬ್‌ಸಿ ಸಾಲು ಇದೆ ಸರ್. ವಿ3 ಅಂತಲೇ ಇದೆ.

ಒಂದು ಸಂಶಯ. ಕರ್ನಲ್ ಎವಿಎಕ್ಸ್-512 ಬಳಸದಿದ್ದರೆ, ಅದಕ್ಕೆ "ಕರ್ನಲ್ ಬೆಂಬಲ ಬೇಕು" ಅಂತ ಎಲ್ಲ ಕಡೆ ಬರೆಯುತ್ತಾರಲ್ಲ, ಅದು ಯಾಕೆ?

ಬೋರಿವಲಿ_ಬಿಟ್ಸ್

ಇಲ್ಲೇ ನಿಜವಾಗಿ ಕರ್ನಲ್ಲೂ ಪ್ರೊಸೆಸರೂ ಹೊಂದಬೇಕಾದ ಜಾಗ ಇರುವುದು.

ಒಂದು ಕೋರ್ ಮೇಲೆ ಒಂದು ಪ್ರೋಗ್ರಾಂ ನಿಲ್ಲಿಸಿ ಇನ್ನೊಂದನ್ನು ಓಡಿಸುವಾಗ, ಮೊದಲನೆಯದರ ರಿಜಿಸ್ಟರ್‌ಗಳಲ್ಲಿ (ಪ್ರೊಸೆಸರ್ ಒಳಗಿನ ಪುಟ್ಟ ಖಾನೆಗಳಲ್ಲಿ) ಇದ್ದದ್ದನ್ನೆಲ್ಲ ಕರ್ನಲ್ ಎತ್ತಿಡಬೇಕು. ಬಾಡಿಗೆ ಮನೆ ಬದಲಿಸುವಾಗ ಸಾಮಾನಿನ ಪಟ್ಟಿ ಇಟ್ಟುಕೊಳ್ಳುತ್ತೇವಲ್ಲ, ಹಾಗೆ. ಪಟ್ಟಿಯಲ್ಲಿ ಇಲ್ಲದ್ದು ಹೋಯಿತು. ಎವಿಎಕ್ಸ್-512ಕ್ಕೆ 64 ಬೈಟ್‌ನ 32 ರಿಜಿಸ್ಟರ್‌ಗಳಿವೆ, ಅಂದರೆ 2 ಕಿಲೋಬೈಟ್. ಹಳೆ ಕರ್ನಲ್‌ಗೆ ಅವುಗಳ ಹೆಸರೇ ಗೊತ್ತಿಲ್ಲದಿದ್ದರೆ ಎತ್ತಿಡುವುದೂ ಇಲ್ಲ. ಅದಕ್ಕೇ ಪ್ರೊಸೆಸರ್‌ನಲ್ಲಿ ಒಂದು ಬೀಗ ಇದೆ. ಕರ್ನಲ್ ಎದ್ದು "ಈ ರಿಜಿಸ್ಟರ್‌ಗಳನ್ನು ನಾನು ನೋಡಿಕೊಳ್ಳುತ್ತೇನೆ" ಅಂತ ಒಂದು ಕಂಟ್ರೋಲ್ ರಿಜಿಸ್ಟರ್‌ನಲ್ಲಿ ಬರೆಯುವವರೆಗೆ ಆ ಸೂಚನೆಗಳು ಓಡುವುದಿಲ್ಲ. ಚಿಪ್‌ನಲ್ಲಿ ಇದ್ದರೂ ಇಲ್ಲದ ಹಾಗೇ.

ಲಿನಕ್ಸ್‌ನಲ್ಲಿ ಎವಿಎಕ್ಸ್ ಬೆಂಬಲ 2009ರ 2.6.30ರಲ್ಲಿ ಬಂತು. ಎವಿಎಕ್ಸ್-512 ಬಂದಿದ್ದು 2014ರ 3.15ರಲ್ಲಿ. ಇಂಟೆಲ್‌ನ ಎಎಂಎಕ್ಸ್ (ಮ್ಯಾಟ್ರಿಕ್ಸ್ ಲೆಕ್ಕದ ಸೂಚನೆಗಳು) 2022ರ ಜನವರಿಯ 5.16ರಲ್ಲಿ. ಎಎಂಎಕ್ಸ್‌ನ ಟೈಲ್‌ಗಳೇ (ಅದರ ದೊಡ್ಡ ರಿಜಿಸ್ಟರ್‌ಗಳು) 8 ಕಿಲೋಬೈಟ್. ಹಾಗಾಗಿ ಅದನ್ನು ಎಲ್ಲರಿಗೂ ತಾನಾಗಿ ಕೊಡುವುದಿಲ್ಲ, ಪ್ರೋಗ್ರಾಂ ಮೊದಲು ಕರ್ನಲ್ ಹತ್ತಿರ ಅನುಮತಿ ಕೇಳಬೇಕು. ನಿಮ್ಮ ಎಪಿಕ್ 9354 ಎಎಂಡಿಯ ಝೆನ್ 4 ತಲೆಮಾರಿನದು. ಅದರಲ್ಲಿ ಎವಿಎಕ್ಸ್-512 ಇದೆ, ಎಎಂಎಕ್ಸ್ ಇಲ್ಲ. ಆ ತಲೆನೋವು ಸದ್ಯ ನಿಮಗಿಲ್ಲ.

ಒಂದು ಎಚ್ಚರಿಕೆ. ಸೆಂಟ್‌ಓಎಸ್‌ನ 3.10 ಅನ್ನುವ ಸಂಖ್ಯೆ ನೋಡಿ ತೀರ್ಮಾನ ಮಾಡಬೇಡಿ. ರೆಡ್ ಹ್ಯಾಟ್‌ನವರು ಹೆಸರು ಹಳೆಯದೇ ಇಟ್ಟು ಒಳಗೆ ಹೊಸದನ್ನು ತಂದು ತಂದು ತುಂಬಿರುತ್ತಾರೆ. ನಿಮ್ಮ ಸ್ಕೈಲೇಕ್ ನೋಡ್‌ಗಳಲ್ಲಿ ಎವಿಎಕ್ಸ್-512 ಅದರ ಮೇಲೇ ಓಡುತ್ತಿತ್ತು, ಅಲ್ವಾ? ಸಂಖ್ಯೆ ಬಿಟ್ಟು ಆ ನೋಡ್ ಮೇಲೆಯೇ ಸಿಪಿಯು ಫ್ಲ್ಯಾಗ್‌ಗಳ ಪಟ್ಟಿ ನೋಡಿ. ಕರ್ನಲ್ ಬೀಗ ತೆಗೆಯದ ಎವಿಎಕ್ಸ್ ಬಗೆಗಳು ಅಲ್ಲಿ ಕಾಣುವುದಿಲ್ಲ.

ನನ್ನ ಸೂತ್ರ ಇಷ್ಟೇ: ಕರ್ನಲ್ ಆರಿಸುವಾಗ ಅತಿ ಹೊಸ ನೋಡ್ ನೋಡಿ, ಅದರ ಮೇಲಿನ ಸಾಫ್ಟ್‌ವೇರ್ ಆರಿಸುವಾಗ ಅತಿ ಹಳೆ ನೋಡ್ ನೋಡಿ. ಎರಡಕ್ಕೂ ಒಗ್ಗುವ ಡಿಸ್ಟ್ರೊ (ಕರ್ನಲ್ಲೂ ಸಾಫ್ಟ್‌ವೇರೂ ಸೇರಿದ ಲಿನಕ್ಸ್ ಕಟ್ಟು) ನಿಮಗೆ ರಾಕಿ 9, ಕರ್ನಲ್ 5.14. 2032ರ ಮೇವರೆಗೆ ಅದಕ್ಕೆ ಬೆಂಬಲವೂ ಇದೆ.

ಕೊತ್ರೂಡ್_ಕಾಕಾ

ತಮ್ಮಾ, ನಿಮ್ಮ ಮುಖ್ಯಸ್ಥರು ನನ್ನ ವಯಸ್ಸಿನವರು ಇರಬೇಕು. ಅವರ ಮಾತು ಒಂದು ಕಾಲಕ್ಕೆ ಪೂರ್ತಿ ನಿಜ. ರೆಡ್ ಹ್ಯಾಟ್‌ನ ಹಳೆ ಸಿಡಿಗಳಲ್ಲಿ ಐ386, ಐ586, ಐ686, ಅಥ್ಲಾನ್, ಎಲ್ಲಕ್ಕೂ ಬೇರೆ ಬೇರೆ ಕರ್ನಲ್ ಇರುತ್ತಿತ್ತು. ಅದರ ಮೇಲೆ ಒಂದು ಪ್ರೊಸೆಸರ್ ಇದ್ದರೆ ಒಂದು, ಎರಡಿದ್ದರೆ ಎಸ್‌ಎಂಪಿ ಅಂತ ಮತ್ತೊಂದು. ಮೆಮೊರಿ ಜಾಸ್ತಿ ಇದ್ದರೆ ಬಿಗ್‌ಮೆಮ್, ಆಮೇಲೆ ಹ್ಯೂಜ್‌ಮೆಮ್. ತಪ್ಪು ಕರ್ನಲ್ ಹಾಕಿದರೆ ಎರಡನೇ ಪ್ರೊಸೆಸರ್ ನಿದ್ದೆ ಮಾಡುತ್ತಿತ್ತು. ದುಡ್ಡು ಕೊಟ್ಟು ಕೊಂಡ ಮೆಮೊರಿ ಲೆಕ್ಕಕ್ಕೇ ಬರುತ್ತಿರಲಿಲ್ಲ. ಜನ ತಿಂಗಳುಗಟ್ಟಲೆ ಗಮನಿಸದೆ ಓಡಿಸಿದ್ದೂ ಉಂಟು.

ಹೋಗಿದ್ದು ಹೇಗೆ ಅಂದರೆ, 2006ರ ಹೊತ್ತಿಗೆ ಕರ್ನಲ್ ತನ್ನನ್ನು ತಾನೇ ತಿದ್ದಿಕೊಳ್ಳುವ ಉಪಾಯ ಬಂತು. ಕೋರ್ ಒಂದೇ ಇದೆ ಅಂತ ಗೊತ್ತಾದರೆ, ಲಾಕ್ ಹಾಕುವ ಸೂಚನೆಗಳನ್ನು ಅಳಿಸಿ ಅಲ್ಲಿ ಏನೂ ಮಾಡದ ಸೂಚನೆ ತುಂಬುತ್ತದೆ. ಅಲ್ಲಿಂದ ಎರಡು ಕರ್ನಲ್ ಇಡುವ ಅಗತ್ಯವೇ ಬೀಳಲಿಲ್ಲ. 64 ಬಿಟ್ ಬಂದ ಮೇಲೆ ಮೆಮೊರಿ ಜಗಳವೂ ಮುಗಿಯಿತು.

ಇನ್ನೂ ಹಿಂದೆ ಹೋದರೆ ನಮ್ಮ ಪುಣೆಯ ಕಥೆಯೇ ಇದೆ. ಸಿ-ಡ್ಯಾಕ್ ಅನ್ನುವ ಸರ್ಕಾರಿ ಸಂಸ್ಥೆಯ ಸೂಪರ್‌ಕಂಪ್ಯೂಟರ್ ಪರಮ್ 8000, 1991. ಅದರಲ್ಲಿದ್ದದ್ದು ಇನ್‌ಮೋಸ್ ಕಂಪನಿಯ ಟ್ರಾನ್ಸ್‌ಪ್ಯೂಟರ್. 1998ರ ಪರಮ್ 10000ದಲ್ಲಿ ಸನ್ ಅಲ್ಟ್ರಾಸ್ಪಾರ್ಕ್, ಮೇಲೆ ಸೋಲಾರಿಸ್. 2003ರಲ್ಲಿ ಟಾಪ್500 ಪಟ್ಟಿಗೆ (ಜಗತ್ತಿನ ಅತಿ ವೇಗದ 500 ಯಂತ್ರಗಳ ಪಟ್ಟಿ) ಹೋದ ಪರಮ್ ಪದ್ಮದಲ್ಲಿ ಐಬಿಎಂ ಪವರ್4, ಮೇಲೆ ಎಐಎಕ್ಸ್. ನೋಡಿ, ಪ್ರೊಸೆಸರ್ ಬದಲಾದರೆ ಓಎಸ್ ಕೂಡ ಬದಲಾಗುತ್ತಿತ್ತು. ಆಯ್ಕೆ ಅನ್ನುವ ಪ್ರಶ್ನೆಯೇ ಇರಲಿಲ್ಲ. 2007ರ ನವೆಂಬರ್‌ನಲ್ಲಿ ಇದೇ ಊರಿನ "ಏಕ" ಜಗತ್ತಿನಲ್ಲಿ ನಾಲ್ಕನೆಯದಾಗಿ ಬಂದಾಗ ಒಳಗಿದ್ದದ್ದು ಮಾಮೂಲಿ ಜಿಯಾನ್. 2017ರ ನವೆಂಬರ್‌ನಿಂದ ಟಾಪ್500ರ 500ಕ್ಕೆ 500ರಲ್ಲೂ ಲಿನಕ್ಸೇ.

ಆದರೆ ಬೋರಿವಲಿಯವರ ಸೂತ್ರಕ್ಕೆ ಒಂದು ತಕರಾರು. ಕರ್ನಲ್ ಎಲ್ಲ ಕಡೆ ಒಂದೇ ಇರಬೇಕು ಅನ್ನುವುದು ಸಣ್ಣ ಕ್ಲಸ್ಟರ್‌ನವರ ಅನುಕೂಲ. 2004ರ ಐಬಿಎಂ ಸೂಪರ್‌ಕಂಪ್ಯೂಟರ್ ಬ್ಲೂ ಜೀನ್/ಎಲ್ ನೋಡಿ. ಲೆಕ್ಕ ಮಾಡುವ ನೋಡ್‌ಗಳ ಮೇಲೆ ಸಿಎನ್‌ಕೆ ಅನ್ನುವ ಪುಟ್ಟ ಕರ್ನಲ್, ಫೈಲ್ ಓದಿ ಬರೆಯುವ ನೋಡ್‌ಗಳ ಮೇಲೆ ಮಾತ್ರ ಲಿನಕ್ಸ್. ಸಾವಿರಾರು ನೋಡ್ ಒಟ್ಟಿಗೆ ಹೆಜ್ಜೆ ಹಾಕಬೇಕಾದಾಗ, ಒಂದು ನೋಡ್‌ನಲ್ಲಿ ಕರ್ನಲ್ ತನ್ನ ಸಣ್ಣಪುಟ್ಟ ಕೆಲಸಕ್ಕೆ ಎದ್ದರೂ ಉಳಿದವೆಲ್ಲ ಕಾಯುತ್ತವೆ.

ಬೋರಿವಲಿ_ಬಿಟ್ಸ್

ಒಪ್ಪಿದೆ ಕಾಕಾ. ಆದರೆ ಔಂಧ್ ಅವರ ಹತ್ತಿರ ಇರುವುದು ಒಂದು ರ‍್ಯಾಕ್.

ಮಾಂಡೋವಿ_ತೀರ

ಪಣಜಿಯಿಂದ ನಮಸ್ಕಾರ. ಕರ್ನಲ್ ಒಂದೇ ಇರಲಿ ಅನ್ನುವುದು ಸರಿ, ಆದರೆ ಅದರ ಜೊತೆ ಬೂಟ್ ಆಗುವ ಇನಿಟ್‌ರಾಮ್‌ಎಫ್‌ಎಸ್ (ಮೊದಲ ಹೊತ್ತಿಗೆ ಬೇಕಾದ ಡ್ರೈವರ್‌ಗಳ ಪುಟ್ಟ ಕಟ್ಟು) ಬಗ್ಗೆ ಯಾರೂ ಹೇಳಲಿಲ್ಲ ಮಾರಾಯ್ರೆ. ಕೈಕೊಡುವುದು ಅದೇ.

ರೆಡ್ ಹ್ಯಾಟ್ ಕಡೆಯ ಡಿಸ್ಟ್ರೊಗಳಲ್ಲಿ ಡ್ರಾಕಟ್ ಅದನ್ನು ಕಟ್ಟುತ್ತದೆ. ಸಾಮಾನ್ಯವಾಗಿ "ಹೋಸ್ಟ್‌ಓನ್ಲಿ" ರೀತಿಯಲ್ಲಿ, ಅಂದರೆ ಯಾವ ಯಂತ್ರದ ಮೇಲೆ ಕಟ್ಟುತ್ತೀರೋ ಅದಕ್ಕೆ ಬೇಕಾದ ಡ್ರೈವರ್ ಮಾತ್ರ ಹಾಕುತ್ತದೆ. ನೀವು ಸ್ಕೈಲೇಕ್ ನೋಡ್ ಮೇಲೆ ಕಟ್ಟಿ, ನೆಟ್‌ವರ್ಕ್‌ನಿಂದ ಎಪಿಕ್‌ಗೆ ಬೂಟ್ ಮಾಡಿಸಿದರೆ ಅಲ್ಲಿನ ಕಾರ್ಡಿನ ಡ್ರೈವರ್ ಇರುವುದಿಲ್ಲ. ರೂಟ್ (ಮೂಲ ಫೈಲ್ ವ್ಯವಸ್ಥೆ) ಸಿಗದೆ ನಿಲ್ಲುತ್ತದೆ. ಜನ ಕರ್ನಲ್ ಬೈಯುತ್ತಾರೆ.

ಇನ್ನೊಂದು ಇದಕ್ಕಿಂತ ಕೆಟ್ಟದ್ದು, ಯಾಕೆಂದರೆ ಏನೂ ನಿಲ್ಲುವುದಿಲ್ಲ. ಪ್ರೊಸೆಸರ್‌ನ ಮೈಕ್ರೊಕೋಡ್ (ಅದರ ಒಳಗಿನ ದೋಷ ತಿದ್ದುವ ಕೋಡ್) ಕೂಡ ಇದೇ ಇನಿಟ್‌ರಾಮ್‌ಎಫ್‌ಎಸ್ ತಲೆಯಲ್ಲಿ ಕೂತಿರುತ್ತದೆ. ಹೋಸ್ಟ್‌ಓನ್ಲಿ ಆದರೆ ಕಟ್ಟಿದ ಯಂತ್ರದ ಮೈಕ್ರೊಕೋಡ್ ಮಾತ್ರ ಬರುತ್ತದೆ. ಉಳಿದ ನೋಡ್‌ಗಳು ಬಯೋಸ್ ಕೊಟ್ಟ ಹಳೆಯದರಲ್ಲೇ ಓಡುತ್ತವೆ. ಯಾವ ದೂರೂ ಬರುವುದಿಲ್ಲ. ಹಾಗಾಗಿ ಕ್ಲಸ್ಟರ್ ಇಮೇಜ್ ಕಟ್ಟುವಾಗ ಹೋಸ್ಟ್‌ಓನ್ಲಿ ತೆಗೆದುಬಿಡಿ. ಗಾತ್ರ ಸ್ವಲ್ಪ ಜಾಸ್ತಿ ಆಗುತ್ತದೆ, ಆಗಲಿ.

ಆಮೇಲೆ, ನೋಡ್ ಬಗೆಗೆ ತಕ್ಕಂತೆ ಬದಲಾಗಬೇಕಾದದ್ದು ಬೂಟ್ ಸಾಲು, ಅಂದರೆ ಏಳುವಾಗ ಕರ್ನಲ್‌ಗೆ ಕೊಡುವ ಆಯ್ಕೆಗಳು. ಇಂಟೆಲ್ ಐಡಲ್‌ಗೆ ಅಂತ ಕೊಡುವ ಆಯ್ಕೆಗೆ ಎಎಂಡಿ ಮೇಲೆ ಅರ್ಥವೇ ಇಲ್ಲ. ವೇರ್‌ವುಲ್ಫ್ (ನೋಡ್‌ಗಳಿಗೆ ಇಮೇಜ್ ಹಂಚುವ ಸಾಧನ) ಬಳಸಿದರೆ ಬಗೆಗೊಂದು ಪ್ರೊಫೈಲ್ ಮಾಡಿ ಅದರಲ್ಲಿ ಕರ್ನಲ್ ಆಯ್ಕೆಗಳನ್ನು ಇಡಬಹುದು. ಇಮೇಜ್ ಒಂದೇ, ಸಾಲು ಬೇರೆ. ಎಪಿಕ್‌ನ ಬಯೋಸ್‌ನಲ್ಲಿ ಎನ್‌ಪಿಎಸ್ ಅಂತ ಇರುತ್ತದೆ. 4 ಅಂತ ಇಟ್ಟರೆ ಒಂದು ಸಾಕೆಟ್ ನಾಲ್ಕು ನ್ಯೂಮಾ ಭಾಗವಾಗಿ (ಒಂದೊಂದಕ್ಕೂ ಹತ್ತಿರದ ಮೆಮೊರಿ ಬೇರೆ) ಕಾಣುತ್ತದೆ. ಮೆಮೊರಿ ಮೇಲೆ ಭಾರ ಹಾಕುವ ಎಂಪಿಐ ಕೆಲಸಕ್ಕೆ (ಹಲವು ಪ್ರೋಗ್ರಾಂ ಮಾತಾಡಿಕೊಂಡು ಒಟ್ಟಿಗೆ ಮಾಡುವ ಲೆಕ್ಕ) ಚೆನ್ನ. ಎಲ್ಲ ಎಪಿಕ್ ನೋಡ್‌ಗಳಲ್ಲೂ ಒಂದೇ ಸಂಖ್ಯೆ ಇರಲಿ. ನೋಡ್ ನೋಡ್‌ಗೆ ಬೇರೆ ಇದ್ದರೆ ಹುಡುಕಿ ಹುಡುಕಿ ಸಾಕಾಗುತ್ತದೆ.

ನಿಜವಾಗಿಯೂ ಎರಡು ಕರ್ನಲ್ ಬೇಕಾಗುವುದು ನಮ್ಮಂಥವರಿಗೆ. ನಮ್ಮಲ್ಲಿ ಆರ್ಮ್ ಯಂತ್ರಗಳೂ ಇವೆ. ಅಲ್ಲಿ ಆರ್ಕಿಟೆಕ್ಚರ್ ಬೇರೆಯಾದ ಮೇಲೆ ಇಮೇಜೂ ಬೇರೆಯೇ. ಅದರೊಳಗೂ ಮತ್ತೆ ಪುಟದ (ಕರ್ನಲ್ ಮೆಮೊರಿ ಹಂಚುವ ತುಂಡಿನ) ಗಾತ್ರದ ಪ್ರಶ್ನೆ ಬರುತ್ತದೆ. ರೆಡ್ ಹ್ಯಾಟ್ 8ರಲ್ಲಿ ಆರ್ಮ್ ಕರ್ನಲ್ 64 ಕಿಲೋಬೈಟ್ ಪುಟದ್ದು. 9ರಲ್ಲಿ 4 ಕಿಲೋಬೈಟ್ ಆಯಿತು, 64ರದ್ದು ಬೇರೆ ಪ್ಯಾಕೇಜ್. ಎನ್‌ವಿಡಿಯಾದ ಆರ್ಮ್ ಪ್ರೊಸೆಸರ್ ಗ್ರೇಸ್‌ಗೆ 64ರದ್ದೇ ಹಾಕಿ ಅನ್ನುತ್ತಾರೆ. ಹಾಕಿದರೆ 4ಕ್ಕೆ ಅಂತ ಕಟ್ಟಿದ ಜೆಮ್ಯಾಲಾಕ್ (ಮೆಮೊರಿ ಹಂಚುವ ಲೈಬ್ರರಿ) ಇರುವ ಪ್ರೋಗ್ರಾಂ ಏಳುವುದೇ ಇಲ್ಲ. ಪ್ರೊಸೆಸರ್ ನೋಡಿ ಕರ್ನಲ್ ಆರಿಸುವುದು ಅಂದರೆ ಇವತ್ತಿಗೆ ಇದು.

ಪೇಡಾನಗರಿ

ಅಕ್ಕ, ಎಲ್ಲ ಯಂತ್ರಕ್ಕೂ ಕರ್ನಲ್ ಡಾಟ್ ಆರ್ಗ್‌ನ (ಮೂಲ ಕರ್ನಲ್ ಸಿಗುವ ತಾಣ) ಅತಿ ಹೊಸ ಕರ್ನಲ್ ಹಾಕಿದರೆ? ಹೊಸ ಕರ್ನಲ್ ಹಳೆ ಪ್ರೋಗ್ರಾಮನ್ನು ಮುರಿಯಬಾರದು ಅನ್ನುವ ನಿಯಮ ಇದೆಯಲ್ಲ.

ಮಾಂಡೋವಿ_ತೀರ

ನಿಯಮ ಇದೆ, ಹೆಚ್ಚಾಗಿ ಪಾಲಿಸುತ್ತಾರೆ ಕೂಡ. ಆದರೆ ಅದು ಪ್ರೋಗ್ರಾಂಗಳಿಗೆ. ಕರ್ನಲ್ ಒಳಗೆ ಹೊರಗಿನಿಂದ ತಂದು ಕೂರಿಸುವ ಮಾಡ್ಯೂಲ್‌ಗಳಿಗೆ ಅಂಥ ಭರವಸೆ ಇಲ್ಲ. ಲಸ್ಟರ್ (ಎಲ್ಲ ನೋಡ್‌ಗಳೂ ಹಂಚಿಕೊಳ್ಳುವ ಫೈಲ್ ವ್ಯವಸ್ಥೆ) ಕ್ಲೈಂಟ್, ಎನ್‌ವಿಡಿಯಾ ಡ್ರೈವರ್, ಇನ್ಫಿನಿಬ್ಯಾಂಡ್ ಅನ್ನುವ ವೇಗದ ನೆಟ್‌ವರ್ಕ್‌ನ ಕಂಪನಿ ಡ್ರೈವರ್, ಮೂರೂ ಆ ಕರ್ನಲ್‌ಗೆ ಕಟ್ಟಿದ್ದೇ ಬೇಕು. ರೆಡ್ ಹ್ಯಾಟ್ ಕರ್ನಲ್‌ಗೆ ಅವರು ಮೊದಲೇ ಪರೀಕ್ಷೆ ಮಾಡಿರುತ್ತಾರೆ. ಅತಿ ಹೊಸದಕ್ಕೆ ನೀನೇ ಮಾಡಬೇಕು.

ಚಿಂಚವಾಡ_ಚಿನ್ನು

ಈ ಮಾಡ್ಯೂಲ್ ವಿಷಯ ಬಂತಲ್ಲ, ನಮ್ಮಲ್ಲಿ ನಡೆದದ್ದು ಕೇಳಿ. ಗುರುವಾರ ಲೈಟ್ ಹೋಗುವುದು ನಮ್ಮ ಕಡೆ ಹೊಸದೇನಲ್ಲ. ಒಂದು ಗುರುವಾರ ಜನರೇಟರ್ ಕೈಕೊಟ್ಟಿತು. ಎಲ್ಲ ನೋಡ್‌ಗಳೂ ಮಲಗಿ ಮತ್ತೆ ಎದ್ದವು. ಅರ್ಧ ನೋಡ್‌ಗಳಲ್ಲಿ ಲಸ್ಟರ್ ಮೌಂಟ್ ಆಗಲಿಲ್ಲ. ಮಾಡ್ಯೂಲ್ ರೂಪ ಸರಿಯಿಲ್ಲ ಅನ್ನುವ ದೂರು.

ಕಾರಣ: ನಮಗಿಂತ ಮುಂಚೆ ಗುತ್ತಿಗೆಯಲ್ಲಿ ನೋಡಿಕೊಳ್ಳುತ್ತಿದ್ದವರು ಯಾವಾಗಲೋ ಅಪ್‌ಡೇಟ್ ಓಡಿಸಿದ್ದರು. ಹೊಸ ಕರ್ನಲ್ ಡಿಸ್ಕ್‌ನಲ್ಲಿ ಕೂತಿತ್ತು, ರೀಬೂಟ್ ಆಗಿರಲಿಲ್ಲ. ಲೈಟ್ ಹೋದ ದಿನ ಅದು ಎದ್ದಿತು. ಈಗ ವಾರಕ್ಕೊಮ್ಮೆ ಓಡುತ್ತಿರುವ ಕರ್ನಲ್ಲೂ ಮುಂದೆ ಬೂಟ್ ಆಗಬೇಕಾದ ಕರ್ನಲ್ಲೂ ಒಂದೇನಾ ಅಂತ ಎಲ್ಲ ನೋಡ್ ಮೇಲೂ ನೋಡುವ ಸ್ಕ್ರಿಪ್ಟ್ ಇಟ್ಟಿದ್ದೇವೆ. ಡಿಸ್ಕ್ ಇಲ್ಲದೆ ನೆಟ್‌ವರ್ಕ್‌ನಿಂದ ಬೂಟ್ ಆಗುವವರಿಗೆ ಈ ಕಾಟ ಕಡಿಮೆ.

ಔಂಧ್_ಅಡ್ಮಿನ್

ಎಲ್ಲರಿಗೂ ಧನ್ಯವಾದ. ರಾಕಿ 9 ಎಲ್ಲ ಕಡೆ ಎದ್ದಿದೆ. ಒಂದೇ ಇಮೇಜ್, ಮೂರು ಪ್ರೊಫೈಲ್. ಹೋಸ್ಟ್‌ಓನ್ಲಿ ತೆಗೆದೆ. ಮೈಕ್ರೊಕೋಡ್ ಮೂರೂ ಬಗೆಯಲ್ಲಿ ಹೊಸದು ಕಾಣುತ್ತಿದೆ.

ಹಳೆ ನೋಡ್‌ಗಳಲ್ಲಿ ಒಂದು ಉಳಿದಿದೆ. ಒಳಗಿನ ಡಿಸ್ಕ್ ಕಾಣುತ್ತಿಲ್ಲ. ಡಿಸ್ಕ್ ಜೋಡಿಸಿರುವುದು ಎಲ್‌ಎಸ್‌ಐ ಎಸ್‌ಎಎಸ್2008 ಕಾರ್ಡ್‌ಗೆ. ಡ್ರೈವರ್ ಇದೆ, ಲೋಡೂ ಆಗುತ್ತದೆ, ಕಾರ್ಡ್ ಮಾತ್ರ ಹಿಡಿಯುವುದಿಲ್ಲ.

ಮತ್ತೆ, ಬೂಟ್ ಸಾಲಿನಲ್ಲಿ ಮಿಟಿಗೇಶನ್ಸ್ ಆಫ್ (ಪ್ರೊಸೆಸರ್ ದೋಷಗಳಿಗೆ ಕರ್ನಲ್ ಹಾಕಿದ ರಕ್ಷಣೆ ತೆಗೆಯುವ ಆಯ್ಕೆ) ಹಾಕು ಅಂತ ಒಬ್ಬರು ಹೇಳಿದರು. ಹಾಕಲಾ?

ಬೋರಿವಲಿ_ಬಿಟ್ಸ್

ಕಾರ್ಡ್: ಮೂಲ ಕರ್ನಲ್‌ನ ಎಂಪಿಟಿ3ಸ್ಯಾಸ್ ಡ್ರೈವರ್‌ಗೆ ಆ ಕಾರ್ಡ್ ಗೊತ್ತು. ಆದರೆ ರೆಡ್ ಹ್ಯಾಟ್ 8ರಿಂದ ತಮ್ಮ ಕರ್ನಲ್‌ನಲ್ಲಿ ಹಳೆ ಕಾರ್ಡ್‌ಗಳ ಗುರುತಿನ ಸಂಖ್ಯೆಗಳನ್ನು ಪಟ್ಟಿಯಿಂದ ತೆಗೆದಿದ್ದಾರೆ. ಇಎಲ್‌ರೆಪೊ ಅನ್ನುವ ಹೊರಗಿನ ಪ್ಯಾಕೇಜ್ ಸಂಗ್ರಹದಲ್ಲಿ ಅದನ್ನು ವಾಪಸ್ ಸೇರಿಸಿದ ಮಾಡ್ಯೂಲ್ ಸಿಗುತ್ತದೆ. ಇಮೇಜ್‌ಗೆ ಸೇರಿಸಿ, ಕೆಲಸ ಆಗುತ್ತದೆ.

ಮಿಟಿಗೇಶನ್: ಒಂದೇ ಕರ್ನಲ್ ಯಂತ್ರ ನೋಡಿ ಬೇರೆ ಬೇರೆ ನಡೆದುಕೊಳ್ಳುತ್ತದೆ ಅನ್ನುವುದಕ್ಕೆ ಇದು ಒಳ್ಳೆ ಉದಾಹರಣೆ. 2018ರ ಮೆಲ್ಟ್‌ಡೌನ್ ದೋಷ ನಿಮ್ಮ ಎರಡೂ ಇಂಟೆಲ್ ಬಗೆಗಳಿಗೆ ತಾಗುತ್ತದೆ, ಎಪಿಕ್‌ಗೆ ತಾಗುವುದಿಲ್ಲ. ಹಾಗಾಗಿ ಅದಕ್ಕೆ ರಕ್ಷಣೆಯಾದ ಪುಟಪಟ್ಟಿ ಬೇರ್ಪಡಿಸುವ ಕೆಲಸ ಇಂಟೆಲ್ ಮೇಲೆ ತಾನಾಗಿ ಶುರುವಾಗುತ್ತದೆ, ಎಪಿಕ್ ಮೇಲೆ ಆಗುವುದಿಲ್ಲ. ಸಿಸ್ ಕೆಳಗೆ ಸಿಪಿಯುಗಳ ವಲ್ನರಬಿಲಿಟಿ ಡೈರೆಕ್ಟರಿಯಲ್ಲಿ ಒಂದೊಂದಾಗಿ ಬರೆದಿರುತ್ತದೆ. ಆಫ್ ಮಾಡುವುದು ನನಗೆ ಸರಿ ಕಾಣುವುದಿಲ್ಲ. ಕಾಲೇಜು ಕ್ಲಸ್ಟರ್ ಅಂದರೆ ಯಾರ‍್ಯಾರೋ ಲಾಗಿನ್ ಆಗುತ್ತಾರೆ. ಪೂರ್ತಿ ಲೆಕ್ಕದಲ್ಲೇ ಮುಳುಗಿರುವ ಪ್ರೋಗ್ರಾಂ ಕರ್ನಲ್ ಕಡೆ ಬರುವುದೇ ಅಪರೂಪ, ಅಲ್ಲಿ ಉಳಿತಾಯವೂ ಕಡಿಮೆ.

ಕೊತ್ರೂಡ್_ಕಾಕಾ

ನಾನು ಒಪ್ಪುವುದಿಲ್ಲ. ಲಾಗಿನ್ ನೋಡ್ ಮೇಲೆ ಬೇಕು. ಒಳಗಿನ ನೋಡ್ ಪೂರ್ತಿ ಒಬ್ಬನಿಗೇ ಕೊಡುವುದಾದರೆ, ಪಕ್ಕದಲ್ಲಿ ಕದಿಯುವುದಕ್ಕೆ ಯಾರಿದ್ದಾರೆ? ಸಣ್ಣ ಫೈಲ್ ಸಾವಿರಗಟ್ಟಲೆ ತೆರೆಯುವ ಜೀವಶಾಸ್ತ್ರದವರ ಕೆಲಸಗಳಿಗೆ ಫರಕು ಕಾಣುತ್ತದೆ.

ಬೋರಿವಲಿ_ಬಿಟ್ಸ್

ನೋಡ್ ಪೂರ್ತಿ ಒಬ್ಬನಿಗೇ ಕೊಟ್ಟರೆ, ಆಗ ಮಾತು ಬೇರೆ ಕಾಕಾ. ಅವರ ಸ್ಲರ್ಮ್‌ನಲ್ಲಿ (ಕೆಲಸಗಳಿಗೆ ನೋಡ್ ಗೊತ್ತು ಮಾಡುವ ಸಾಫ್ಟ್‌ವೇರ್) ಒಂದು ನೋಡನ್ನು ಹಲವರಿಗೆ ಹಂಚಿಕೊಡುತ್ತಾರೋ ಇಲ್ಲವೋ ಅವರೇ ಹೇಳಬೇಕು.

ಔಂಧ್_ಅಡ್ಮಿನ್

ಹಂಚಿಕೊಡುತ್ತೇವೆ. ಹಾಗಾದರೆ ಆಫ್ ಬೇಡ.

ಡಿಸ್ಕ್ ಬಂತು. ಈಗ ವಿದ್ಯಾರ್ಥಿಗಳ ದೂರು ಶುರುವಾಗಿದೆ. ಎಪಿಕ್ ಮೇಲೆ ಮಾರ್ಚ್ ನೇಟಿವ್ ಕೊಟ್ಟು ಕಟ್ಟಿದ ಪ್ರೋಗ್ರಾಂ ಹಳೆ ನೋಡ್‌ಗೆ ಹೋದ ತಕ್ಷಣ "ಇಲ್ಲೀಗಲ್ ಇನ್‌ಸ್ಟ್ರಕ್ಷನ್" ಅಂದು ಸಾಯುತ್ತದೆ.

ಮಾಂಡೋವಿ_ತೀರ

ಮಾರ್ಚ್ ನೇಟಿವ್ ಅಂದರೆ ಅದೇ ಅಲ್ವಾ! ಕಟ್ಟಿದ ಯಂತ್ರಕ್ಕೆ ಮಾತ್ರ. ನಾಲ್ಕು ಜನ ಬಳಸುವ ಸಾಫ್ಟ್‌ವೇರನ್ನು ಸ್ಪ್ಯಾಕ್ ಅನ್ನುವ ಪ್ಯಾಕೇಜ್ ಕಟ್ಟುವ ಸಾಧನದಿಂದ ಬಗೆಬಗೆಗೆ ಬೇರೆ ಕಟ್ಟಿಡಿ. ಓಪನ್‌ಬ್ಲಾಸ್ ತರದ ಗಣಿತದ ಲೈಬ್ರರಿಗಳನ್ನು ಡೈನಾಮಿಕ್ ಆರ್ಕ್ ಆಯ್ಕೆ ಕೊಟ್ಟು ಕಟ್ಟಿದರೆ ಓಡುವಾಗ ಯಂತ್ರ ನೋಡಿ ತಾವೇ ಆರಿಸಿಕೊಳ್ಳುತ್ತವೆ. ಮುಖ್ಯಸ್ಥರು ಕೇಳಿದ ವೇಗ ಸಿಗುವುದು ಇಲ್ಲಿ, ಕರ್ನಲ್‌ನಲ್ಲಿ ಅಲ್ಲ.

ಒಂದೇ ಎಂಪಿಐ ಕೆಲಸವನ್ನು ಎರಡು ಬಗೆಯ ನೋಡ್‌ಗಳ ಮೇಲೆ ಹರಡಬೇಡಿ. ವೇಗ ಅತಿ ನಿಧಾನದ ನೋಡ್‌ಗೆ ಇಳಿಯುತ್ತದೆ. ಅದಕ್ಕಿಂತ ಮುಖ್ಯ, ಎಫ್‌ಎಂಎ ಇರುವ ಕಡೆ ಗುಣಿಸಿ ಕೂಡುವುದು ಒಂದೇ ಸುತ್ತಿನಲ್ಲಿ ಆಗುತ್ತದೆ, ಇಲ್ಲದ ಕಡೆ ಎರಡು ಸಲ ರೌಂಡಿಂಗ್ ಆಗುತ್ತದೆ. ಕೊನೆಯ ಅಂಕಿ ಬೇರೆ ಬರುತ್ತದೆ. ಒಂದು ನೋಡ್ "ಉತ್ತರ ಸಿಕ್ಕಿತು" ಅಂದುಕೊಂಡು ನಿಲ್ಲುತ್ತದೆ, ಇನ್ನೊಂದು "ಇನ್ನೊಂದು ಸುತ್ತು" ಅನ್ನುತ್ತದೆ. ಇಡೀ ಕೆಲಸ ನಡುವೆ ಸಿಕ್ಕಿಹಾಕಿಕೊಳ್ಳುತ್ತದೆ. ಎಂಪಿಐ ಕೆಟ್ಟಿದೆ ಅಂತ ಜನ ಹುಡುಕುತ್ತಾ ಕೂರುತ್ತಾರೆ.

ಔಂಧ್_ಅಡ್ಮಿನ್

ಸ್ಲರ್ಮ್‌ನಲ್ಲಿ ಅದನ್ನು ತಡೆಯುವುದು ಹೇಗೆ? ಬಗೆಗೊಂದು ಪಾರ್ಟಿಶನ್ ಮಾಡಿದರೆ ಮೂರು ಸಾಲುಗಳಾಗುತ್ತವೆ. ಒಂದು ಖಾಲಿ ಇದ್ದರೂ ಹುಡುಗರು ಇನ್ನೊಂದರಲ್ಲಿ ನಿಂತಿರುತ್ತಾರೆ.

ಬೋರಿವಲಿ_ಬಿಟ್ಸ್

ಪಾರ್ಟಿಶನ್ ಒಂದೇ ಇರಲಿ. ಸ್ಲರ್ಮ್‌ನ ಕಾನ್ಫಿಗ್ ಫೈಲ್‌ನ ನೋಡ್ ಸಾಲಿನಲ್ಲಿ ಫೀಚರ್ ಅಂತ ಬಗೆಯ ಹೆಸರು ಕೊಡಿ. ಕೋರ್, ಸಾಕೆಟ್ ಸಂಖ್ಯೆಗಳನ್ನು ಕೈಯಿಂದ ಬರೆಯಬೇಡಿ. ಆ ನೋಡ್ ಮೇಲೆ ಸ್ಲರ್ಮ್‌ಡಿಗೆ ದೊಡ್ಡ ಸಿ ಆಯ್ಕೆ ಕೊಟ್ಟು ಓಡಿಸಿದರೆ ಸರಿಯಾದ ಸಾಲನ್ನು ಅದೇ ಬರೆದು ಕೊಡುತ್ತದೆ. ಕೆಲಸ ಕಳಿಸುವಾಗ ಕನ್‌ಸ್ಟ್ರೇಂಟ್‌ನಲ್ಲಿ ಮೂರು ಹೆಸರನ್ನೂ ನಡುವೆ ನಿಂತ ಗೆರೆ (|) ಹಾಕಿ, ಚೌಕ ಆವರಣದೊಳಗೆ ಬರೆಯಬೇಕು. ಆ ಆವರಣ ಇದ್ದರೆ ಮೂರರಲ್ಲಿ ಯಾವುದಾದರೂ ಆಗಬಹುದು, ಆದರೆ ಎಲ್ಲ ನೋಡ್‌ಗಳೂ ಒಂದೇ ಬಗೆಯವು ಸಿಗುತ್ತವೆ. ಆವರಣ ಬಿಟ್ಟು ಬರೀ ಗೆರೆ ಹಾಕಿದರೆ ಬೆರೆತು ಬರುತ್ತವೆ. ಹುಡುಗರು ಮರೆಯುವುದು ಅದನ್ನೇ. ಮಾದರಿ ಸ್ಕ್ರಿಪ್ಟ್‌ನಲ್ಲಿ ಆ ಸಾಲನ್ನು ನೀವೇ ಹಾಕಿಟ್ಟುಬಿಡಿ.